ಸಜ್ಜಾ ಎಷ್ಟು ಚಾಚಬೇಕು? ಜೇನ್ ಡ್ರೂ–ಮ್ಯಾಕ್ಸ್‌ವೆಲ್ ಫ್ರೈ ದಂಪತಿಯ ದಾರಿ, ನಮ್ಮ ಬಿಸಿಲಿನ ಲೆಕ್ಕ

ತುಮಕೂರಿನ ಹೊಸ ಬಡಾವಣೆಗಳಲ್ಲಿ ಮೂವತ್ತು–ನಲವತ್ತರ ಸೈಟಿನ ಮನೆಗೂ ಎಲಿವೇಶನ್ ಹೆಸರಲ್ಲಿ ಲಕ್ಷಗಟ್ಟಲೆ ಸುರಿಯುತ್ತಾರೆ. ಪಡುವಣ ಕಿಟಕಿಗೆ ಮಾತ್ರ ಮೇಸ್ತ್ರಿ ಹೇಳಿದ ಒಂದೂವರೆ ಅಡಿ ಸಜ್ಜಾ. ಆಮೇಲೆ ಏಪ್ರಿಲ್ ಸಂಜೆ ಆ ಕೋಣೆಯಲ್ಲಿ ಯಾರೂ ಕೂರಲಾಗುವುದಿಲ್ಲ. ಸಜ್ಜಾದ ಅಳತೆ ದಿಕ್ಕಿಗೊಂದು, ಊರಿಗೊಂದು. ಅದನ್ನು ಸೈಟಿನಲ್ಲೇ ಲೆಕ್ಕ ಹಾಕಿಕೊಳ್ಳಬಹುದು.

ಬಿಸಿಲ ನಾಡಿನ ಕಟ್ಟಡಗಳ ವಿಚಾರದಲ್ಲಿ ಈ ಲೆಕ್ಕವನ್ನೇ ಮುಂದಿಟ್ಟು ದುಡಿದವರು ಬ್ರಿಟನ್ನಿನ ವಾಸ್ತುಶಿಲ್ಪಿಗಳಾದ ಮ್ಯಾಕ್ಸ್‌ವೆಲ್ ಫ್ರೈ (1899–1987) ಮತ್ತು ಜೇನ್ ಡ್ರೂ (1911–1996). 1942ರಲ್ಲಿ ಮದುವೆಯಾದರು, ಪಶ್ಚಿಮ ಆಫ್ರಿಕಾದಲ್ಲಿ ಕೆಲಸ ಮಾಡಿದರು, ನೈಜೀರಿಯಾದ ಇಬಾದಾನ್ ವಿಶ್ವವಿದ್ಯಾಲಯ ಕಟ್ಟಿದರು. ಪಂಜಾಬಿನ ಹೊಸ ರಾಜಧಾನಿ ಚಂಡೀಗಡ ಕಟ್ಟುವ ಕೆಲಸಕ್ಕೆ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಹೆಸರು ಸೂಚಿಸಿದ್ದೂ ಇವರೇ. 1951ರಿಂದ ಮೂರು ವರ್ಷ ಅಲ್ಲಿದ್ದು ಸರ್ಕಾರಿ ನೌಕರರ ಮನೆ, ಶಾಲೆಗಳನ್ನು ಅಗ್ಗದ ಇಟ್ಟಿಗೆಯಲ್ಲೇ ರೂಪಿಸಿದರು. ಸೆಕ್ಟರ್ 22ರ ಸಾಲುಮನೆಗಳಲ್ಲಿ ಇವತ್ತಿಗೂ ಅದು ಕಾಣುತ್ತದೆ. ಕಾರ್ಬೂಸಿಯೆಯ ದೊಡ್ಡ ಕಾಂಕ್ರೀಟು ಕಟ್ಟಡಗಳ ಫೋಟೋ ಎಲ್ಲ ಕಡೆ ಓಡಾಡುತ್ತವೆ. ಜನ ಬಾಳುವ ಮನೆ ಕಟ್ಟಿಸುವವರಿಗೆ ಉಪಯೋಗಕ್ಕೆ ಬರುವುದು ಈ ಜೋಡಿಯ ಕೆಲಸ. ಉದ್ದದ ಗೋಡೆಗಳು ಉತ್ತರ–ದಕ್ಷಿಣಕ್ಕೆ ಮುಖ ಮಾಡಲಿ, ಗಾಳಿ ಕೋಣೆಯ ಈ ಕಡೆಯಿಂದ ಆ ಕಡೆಗೆ ಹಾಯಲಿ, ಬಿಸಿಲನ್ನು ಗಾಜಿನ ಆಚೆಯೇ ತಡೆಯಿರಿ ಎನ್ನುವುದು ಅವರ ಪಾಠದ ತಿರುಳು. ಗಾಜು ದಾಟಿ ಬಂದ ಬಿಸಿಲು ಕೋಣೆಯನ್ನು ಕಾಯಿಸಿಯೇ ಬಿಡುತ್ತದೆ, ಒಳಗೆ ಪರದೆ ಎಳೆದರೆ ಪೂರ್ತಿ ತಪ್ಪುವುದಿಲ್ಲ.

ಹಾಗಂತ ಚಂಡೀಗಡದ ಅಳತೆಯನ್ನು ಇಲ್ಲಿಗೆ ಎತ್ತಿಕೊಂಡು ಬರಬೇಡಿ. ಅದು 30.7 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ 13ರಿಂದ 13.5 ಡಿಗ್ರಿಯೊಳಗೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಸೂರ್ಯ ನಡುಹಗಲಲ್ಲಿ ಉತ್ತರದ ಕಡೆ ವಾಲಿರುತ್ತಾನೆ. ಉತ್ತರದ ಕಿಟಕಿಗೆ ಸಜ್ಜಾ ಬೇಡ ಎನ್ನುವವರು ಇದನ್ನೇ ಮರೆಯುವುದು.

ಮೊದಲು ದಿಕ್ಕು ಗೊತ್ತುಮಾಡಿ. ಕಂಬಿ ರಾಶಿಯ ಪಕ್ಕ ಮೊಬೈಲ್ ದಿಕ್ಸೂಚಿ ತಪ್ಪು ತೋರಿಸುತ್ತದೆ. ಮಟ್ಟಸ ನೆಲದಲ್ಲಿ ತೂಕದ ಗುಂಡಿನ ನೇರಕ್ಕೆ ಕೋಲು ನಿಲ್ಲಿಸಿ, 12 ಗಂಟೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ. ಅತಿ ಗಿಡ್ಡ ನೆರಳು ಉತ್ತರ–ದಕ್ಷಿಣ ಗೆರೆ. ನಮ್ಮಲ್ಲಿ ಅದು ಬೀಳುವುದು ಗಡಿಯಾರದ ಹನ್ನೆರಡಕ್ಕಲ್ಲ, ಹೆಚ್ಚಿನ ತಿಂಗಳುಗಳಲ್ಲಿ 12:10ರಿಂದ 12:30ರ ನಡುವೆ. ಏಪ್ರಿಲ್ ಕೊನೆ, ಆಗಸ್ಟ್ ಮಧ್ಯದಲ್ಲಿ ನಡುಹಗಲ ನೆರಳೇ ಬೀಳದು, ಆ ದಿನಗಳಲ್ಲಿ ಈ ಕೆಲಸ ಬೇಡ.

ಇನ್ನು ಅಳತೆ. 4 ಅಡಿ ಎತ್ತರ, 3 ಅಡಿ ಅಗಲದ ಕಿಟಕಿ ಅಂತ ಇಟ್ಟುಕೊಳ್ಳಿ. ಕಿಟಕಿಯ ಎತ್ತರ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಸಜ್ಜಾದ ಚಾಚು ಹೆಚ್ಚುತ್ತದೆ.

ದಕ್ಷಿಣಕ್ಕೆ 2 ಅಡಿ ಸಾಕು. ಫೆಬ್ರವರಿ ಮಧ್ಯದಿಂದ ಅಕ್ಟೋಬರ್ ಕೊನೆವರೆಗೆ ನಡುಹಗಲ ಬಿಸಿಲು ಗಾಜಿಗೆ ತಾಗುವುದಿಲ್ಲ. ಡಿಸೆಂಬರ್‌ನಲ್ಲಿ ಕೆಳಗಿನ 16 ಅಂಗುಲಕ್ಕೆ ಬೀಳುತ್ತದೆ. ಚಳಿಗಾಲಕ್ಕೆ ಅದು ಇದ್ದರೇ ಚೆನ್ನ. ಅದನ್ನೂ ತಡೆಯಬೇಕೆಂದರೆ 3 ಅಡಿ ಬೇಕು, ಖರ್ಚು ದಂಡ. ಸಜ್ಜಾ ಕಿಟಕಿಯ ಅಗಲಕ್ಕಷ್ಟೇ ನಿಂತರೆ ಪಕ್ಕದಿಂದ ಬಿಸಿಲು ನುಗ್ಗುತ್ತದೆ, ಎರಡೂ ಬದಿಗೆ ಒಂದೊಂದು ಅಡಿ ಹೆಚ್ಚಿಗೆ ಹೋಗಲಿ.

ಉತ್ತರಕ್ಕೆ ಒಂದೂವರೆ ಅಡಿ ಸಜ್ಜಾ, ಜತೆಗೆ ಕಿಟಕಿಯ ಪಡುವಣ ಅಂಚಿಗೆ ಒಂದೂಕಾಲು ಅಡಿ ಚಾಚಿದ ನಿಲುವು ಗೋಡೆ. ಜೂನ್‌ನಲ್ಲಿ ಮಧ್ಯಾಹ್ನ ಮೂರರವರೆಗೆ ಸಜ್ಜಾ ನೋಡಿಕೊಳ್ಳುತ್ತದೆ. ಆಮೇಲೆ ವಾಯವ್ಯದಿಂದ ಓರೆಯಾಗಿ ಬರುವ ಬಿಸಿಲನ್ನು ಹೆಚ್ಚುಕಡಿಮೆ ಸೂರ್ಯ ಮುಳುಗುವವರೆಗೂ ತಡೆಯುವುದು ಆ ನಿಲುವು ಗೋಡೆ.

ಈ ಅಳತೆಯೆಲ್ಲ ಗಾಜಿನಿಂದ ಲೆಕ್ಕ, ಗೋಡೆಯ ಹೊರಮೈಯಿಂದಲ್ಲ. 9 ಅಂಗುಲದ ಗೋಡೆಯಲ್ಲಿ 3 ಅಂಗುಲದ ಚೌಕಟ್ಟನ್ನು ಒಳಅಂಚಿಗೆ ಕೂರಿಸಿದರೆ 6 ಅಂಗುಲ ನೆರಳು ಪುಕ್ಕಟೆ. ಕಿಟಕಿಯ ಕೆಳಗಿನ ಕಲ್ಲಿಗೆ ಹೊರಗಡೆಗೆ ವಾಟ ಕೊಡುವುದು ಮರೆಯಬೇಡಿ, ಇಲ್ಲದಿದ್ದರೆ ಮಳೆನೀರು ಒಳಗೆ ಬರುತ್ತದೆ.

ಪಶ್ಚಿಮದ್ದೇ ತಾಪತ್ರಯ. ಮಾರ್ಚ್ 21ರ ಆಸುಪಾಸಿನಲ್ಲಿ ಮೂರೂವರೆ ಗಂಟೆಗೆ ಅದೇ ಕಿಟಕಿಯನ್ನು ಮುಚ್ಚಲು 4 ಅಡಿಗೂ ಮಿಕ್ಕ ಸಜ್ಜಾ ಬೇಕು, ನಾಲ್ಕೂವರೆಗೆ 7 ಅಡಿ. ಸೈಟಿನಲ್ಲಿ ಅಷ್ಟು ಜಾಗ ಯಾರಿಗಿದೆ? ಪಶ್ಚಿಮಕ್ಕೆ ಸ್ನಾನದಮನೆ, ಮೆಟ್ಟಿಲು, ಸಾಮಾನು ಕೋಣೆ ಹಾಕಿ. ರಸ್ತೆಯೇ ಆ ಕಡೆ ಇದ್ದರೆ ಕಿಟಕಿ ಚಿಕ್ಕದು ಮಾಡಿ, ಅದರ ಮುಂದೆ ವರಾಂಡ ಬಿಟ್ಟು ಇಟ್ಟಿಗೆಯ ಜಾಲಿ (ತೂತು ಬಿಟ್ಟು ಕಟ್ಟುವ ಗೋಡೆ) ಕಟ್ಟಿ. ಮಾಲೂರಿನ ಇಟ್ಟಿಗೆ ಹತ್ತಿರದಲ್ಲೇ ಸಿಗುವಾಗ ಇದು ಕಷ್ಟದ ಬಾಬತ್ತಲ್ಲ.

ಜಾಲಿಯಲ್ಲಿ ಲೆಕ್ಕಕ್ಕೆ ಬರುವುದು ದಪ್ಪ. 9×4×3 ಅಂಗುಲದ ಇಟ್ಟಿಗೆಯನ್ನು ಉದ್ದುದ್ದ ಇಟ್ಟರೆ ಗೋಡೆ 4 ಅಂಗುಲ ದಪ್ಪ. ಗಾರೆ ಸೇರಿ ತೂತಿನ ಎತ್ತರ ಮೂರೂವರೆ ಅಂಗುಲ. ಮಾರ್ಚ್‌ನಲ್ಲಿ ಇದು 3:40ರವರೆಗೆ ಬಿಸಿಲು ತಡೆಯುತ್ತದೆ. ಅದೇ ಇಟ್ಟಿಗೆಯನ್ನು ಅಡ್ಡಡ್ಡ ಇಟ್ಟು 9 ಅಂಗುಲ ದಪ್ಪ ಮಾಡಿದರೆ ಐದರವರೆಗೂ ತಡೆಯುತ್ತದೆ. ಉದ್ದುದ್ದ ಇಡುವಾಗ ಸಂದು 4 ಅಂಗುಲ ಮೀರಬಾರದು. ಮೇಲಿನ ಇಟ್ಟಿಗೆ ಎರಡೂ ಕಡೆ ಎರಡೂವರೆ ಅಂಗುಲವಾದರೂ ಕೆಳಗಿನದರ ಮೇಲೆ ಕೂರಬೇಕು. ಅಡ್ಡಡ್ಡ ಇಡುವಾಗ ಸಂದು 2 ಅಂಗುಲಕ್ಕೆ ನಿಲ್ಲಲಿ. ಗಾರೆ 1:4, ಅಂದರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು. ಇಟ್ಟಿಗೆ ನೆನೆಸದೆ ಕಟ್ಟಿದರೆ ಅದು ಗಾರೆಯ ನೀರು ಹೀರಿಕೊಂಡು, ಜಾಲಿಯ ಇಟ್ಟಿಗೆ ಕೈಯಲ್ಲಿ ಅಲುಗಾಡಿಸಿದರೆ ಕಿತ್ತು ಬರುತ್ತದೆ. 6 ಅಡಿಗೊಂದು 9 ಅಂಗುಲದ ಕಂಬ ಎಬ್ಬಿಸಿ, 3 ಅಡಿ ಎತ್ತರಕ್ಕೊಂದು ತೂತಿಲ್ಲದ ವರಸೆ ಹಾಕಿ. ಸೂರಿನ ಭಾರವನ್ನು ಜಾಲಿಯ ಮೇಲೆ ಹೊರಿಸಬೇಡಿ.

ಕಾಂಕ್ರೀಟ್ ಸಜ್ಜಾ ಹಾಳಾಗುವುದು ಬಹುಪಾಲು ಒಂದೇ ಕಾರಣಕ್ಕೆ: ಕಂಬಿ ಕೆಳಗಿಳಿಯುವುದು. ಚಾಚಿದ ಸಜ್ಜಾದ ಮೇಲ್ಮೈ ಎಳೆತಕ್ಕೆ ಸಿಗುತ್ತದೆ, ಅದಕ್ಕೇ ಮುಖ್ಯ ಕಂಬಿ ಮೇಲ್ಗಡೆ ಇರಬೇಕು. ಕಾಂಕ್ರೀಟ್ ಸುರಿಯುವ ಹುಡುಗರು ತುಳಿದು ಅದನ್ನು ತಳಕ್ಕೆ ಕೂರಿಸುತ್ತಾರೆ. ಸೆಂಟ್ರಿಂಗ್ (ಕಾಂಕ್ರೀಟು ಗಟ್ಟಿಯಾಗುವವರೆಗಿನ ಹಲಗೆಯ ಆಸರೆ) ಬಿಚ್ಚಿದ ಮೇಲೆ ಗೋಡೆಯ ಬುಡದಲ್ಲಿ ಉದ್ದಕ್ಕೂ ಕೂದಲೆಳೆ ಬಿರುಕು, ವರ್ಷ ಕಳೆದಂತೆ ತುದಿ ಜೋಲು. 2 ಅಡಿ ಸಜ್ಜಾಕ್ಕೆ ಬುಡದಲ್ಲಿ 4 ಅಂಗುಲ, ತುದಿಯಲ್ಲಿ 3 ಅಂಗುಲ ದಪ್ಪ. 8 ಎಂಎಂ ಕಂಬಿ 6 ಅಂಗುಲಕ್ಕೊಂದು, ಅದರ ಬಾಲ ಲಿಂಟಲ್ (ಕಿಟಕಿಯ ಮೇಲಿನ ತೊಲೆ) ಒಳಗೆ ಬಗ್ಗಿ ಇಳಿದಿರಬೇಕು. ಮೇಲ್ಮೈಯಿಂದ ಒಂದಂಗುಲ ಕೆಳಗೆ ನಿಲ್ಲುವಂತೆ ಕಂಬಿಯದೇ ಚೇರ್ (ಕಂಬಿಯನ್ನು ಎತ್ತಿ ಹಿಡಿಯುವ ಕಾಲು) ಕಟ್ಟಿಸಿ, ಓಡಾಡಲು ಹಲಗೆ ಹಾಕಿಸಿ. ತಳದಲ್ಲಿ, ತುದಿಯಿಂದ ಒಂದಂಗುಲ ಒಳಗೆ ಅರ್ಧ ಅಂಗುಲದ ತೋಡು ಉದ್ದಕ್ಕೂ ಬಿಡಿ. ಇಲ್ಲದಿದ್ದರೆ ನೀರು ತಳವನ್ನೇ ಹಿಡಿದು ಗೋಡೆಗೆ ಬಂದು ಬಣ್ಣ ಉದುರಿಸುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಲ್ಲು ಚಪ್ಪಡಿ ಸಿಕ್ಕರೆ ಅದೂ ಒಳ್ಳೆಯದೇ. ಗೋಡೆಯ ಪೂರ್ತಿ ದಪ್ಪಕ್ಕೆ ಒಳಗೆ ಹೋಗಲಿ, ಮೇಲಿನ ಗೋಡೆ ಎದ್ದು ಸೂರಿನ ಭಾರ ಕೂತ ಮೇಲಷ್ಟೇ ಕೆಳಗಿನ ಆಸರೆ ತೆಗೆಯಿರಿ. ಸುತ್ತಿಗೆಯಲ್ಲಿ ತಟ್ಟಿದಾಗ ಗಂಟೆಯಂತೆ ನುಡಿಯದೆ ಬೊಂಕೆಂದರೆ ಆ ಚಪ್ಪಡಿಯೊಳಗೆ ಸೀಳಿದೆ, ವಾಪಸ್ ಕಳಿಸಿ.

ಸೆಂಟ್ರಿಂಗ್ ಹೊಡೆಯುವ ಮುಂಚೆ ಲಿಂಟಲ್ ಮಟ್ಟದಲ್ಲಿ ಒಂದು ಹಲಗೆಯನ್ನು ಬೇಕಾದಷ್ಟು ಚಾಚಿ ಹಿಡಿಸಿ, ಆ ಹೊತ್ತಿನ ನೆರಳು ಎಲ್ಲಿಗೆ ಬರುತ್ತದೆಂದು ಗೋಡೆಯ ಮೇಲೆ ಇದ್ದಲಿನಲ್ಲಿ ಗೆರೆ ಎಳೆಯಿರಿ. ಮೇಸ್ತ್ರಿಯನ್ನು ಒಪ್ಪಿಸಲು ಡಿಗ್ರಿ ಲೆಕ್ಕಕ್ಕಿಂತ ಆ ಗೆರೆಯೇ ಹೆಚ್ಚು ಕೆಲಸ ಮಾಡುತ್ತದೆ.