ಅಸಮಾನತೆಯ ಅಂಕಿಗಳನ್ನು ಓದುವ ಕ್ರಮ

ಬಡತನದ ವರದಿಯೊಂದನ್ನು ಓದುವಾಗ ಅದು ಯಾವ ರೇಖೆಯಿಂದ ಅಳೆದಿದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. ವಿಶ್ವ ಬ್ಯಾಂಕ್ 2025ರಲ್ಲಿ ದಿನಕ್ಕೆ ತಲಾ 3 ಡಾಲರ್ ಎಂದು ಪರಿಷ್ಕರಿಸಿದ ಕಡುಬಡತನದ ರೇಖೆ ನಿರಪೇಕ್ಷವಾದುದು, ಅಂದರೆ ಎಲ್ಲ ದೇಶಗಳಿಗೂ ಒಂದೇ. ಆಯಾ ದೇಶದ ಮಧ್ಯಾಂಕ ಆದಾಯದ (ಎಲ್ಲರನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಬರುವವರ ಆದಾಯ) ಶೇಕಡಾ 60ಕ್ಕಿಂತ ಕೆಳಗಿರುವವರನ್ನು ಎಣಿಸುವ ಐರೋಪ್ಯ ಒಕ್ಕೂಟದ ಅಳತೆ ಸಾಪೇಕ್ಷವಾದುದು, ಅಂದರೆ ದೇಶದಿಂದ ದೇಶಕ್ಕೆ ಬದಲಾಗುವಂಥದು. ಇವೆರಡನ್ನೂ ನೇರವಾಗಿ ಹೋಲಿಸಬಾರದು.

ಅನಂತರ ಆದಾಯದ ಅಸಮಾನತೆಯನ್ನು ಅಳೆಯುವ ಗಿನಿ ಸೂಚ್ಯಂಕವನ್ನು ನೋಡಿ. ಸೊನ್ನೆ ಎಂದರೆ ಸಂಪೂರ್ಣ ಸಮಾನತೆ, ಒಂದು ಎಂದರೆ ಎಲ್ಲ ಆದಾಯವೂ ಒಬ್ಬರದೇ. ಅಂತರವಿರುವುದು ಮೇಲ್ತುದಿಯಲ್ಲೋ ತಳದಲ್ಲೋ ಎಂಬುದನ್ನು ಈ ಒಂದೇ ಅಂಕಿ ಹೇಳಲಾರದು. ಆದ್ದರಿಂದ ಮೇಲಿನ ಶೇಕಡಾ 10 ಮತ್ತು ಕೆಳಗಿನ ಶೇಕಡಾ 50 ಜನರ ಪಾಲುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ. ಲೆಕ್ಕ ತೆರಿಗೆಗೆ ಮುಂಚಿನದೋ ನಂತರದ್ದೋ ಎಂಬುದನ್ನೂ ಗಮನಿಸಿ.

ಹೆಚ್ಚು ಸಮಯ ಬೇಡುವುದು ವರ್ಗದ ಪ್ರಶ್ನೆ. ಮಾರ್ಕ್ಸ್ ಉತ್ಪಾದನಾ ಸಾಧನಗಳ ಒಡೆತನವನ್ನು ಮುಖ್ಯವೆಂದರೆ, ಜರ್ಮನ್ ಸಮಾಜಶಾಸ್ತ್ರಜ್ಞ ವೇಬರ್ ಅದರ ಜೊತೆಗೆ ಸಾಮಾಜಿಕ ಅಂತಸ್ತನ್ನೂ ರಾಜಕೀಯ ಅಧಿಕಾರವನ್ನೂ ಬೇರೆಬೇರೆಯಾಗಿ ನೋಡಬೇಕೆಂದರು. ಶಿಕ್ಷಣ, ಭಾಷೆ, ಅಭಿರುಚಿಗಳೂ ಪೀಳಿಗೆಯಿಂದ ಪೀಳಿಗೆಗೆ ದಾಟುವ ಬಂಡವಾಳವೆಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಬೂರ್ದಿಯು ವಿವರಿಸಿದರು. ಹಾಗಾಗಿ ಒಂದೇ ಸಂಬಳದ ಇಬ್ಬರನ್ನು ಹೋಲಿಸುವಾಗ ಆಸ್ತಿ, ಸಾಲ, ಹೆತ್ತವರ ಓದು, ಕಷ್ಟಕಾಲದಲ್ಲಿ ಕೈಹಿಡಿಯುವವರು ಯಾರು ಎಂಬುದನ್ನೆಲ್ಲ ವಿಚಾರಿಸಿ.

ಕೊನೆಯದಾಗಿ, ಕುಟುಂಬವನ್ನು ಒಂದು ಘಟಕವಾಗಿ ಎಣಿಸುವ ಸಮೀಕ್ಷೆಗಳು ಒಳಗಿನ ಹಂಚಿಕೆಯನ್ನು ಸಮವೆಂದು ಭಾವಿಸುತ್ತವೆ. ಮನೆಯ ಆದಾಯ ಸಾಕಷ್ಟಿದ್ದರೂ ಹೆಣ್ಣುಮಕ್ಕಳ ಪಾಲಿನ ಕೊರತೆ ಇದರಿಂದಲೇ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ವ್ಯಕ್ತಿವಾರು ಮಾಹಿತಿ ಇದ್ದಲ್ಲಿ ಅದನ್ನೇ ಆರಿಸಿಕೊಳ್ಳಿ.