ನನ್ನ ಕೈಯಲ್ಲಿರುವ 20 ಅಂಕ

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 100 ಅಂಕ. ಅದರಲ್ಲಿ 80 ಅಂಕದ ಪ್ರಶ್ನೆಪತ್ರಿಕೆ ಪರೀಕ್ಷಾ ಮಂಡಳಿಯಿಂದ ಬರುತ್ತದೆ. ಮಕ್ಕಳ ಹೆಸರೂ ಗೊತ್ತಿಲ್ಲದವರು ಅದನ್ನು ತಿದ್ದುತ್ತಾರೆ. ಉಳಿದ 20 ಅಂಕ ಕೊಡುವವನು ನಾನು. ಅದನ್ನು ಸರಿಯಾಗಿ ಕೊಡುವುದು ಹೇಗೆ ಅಂತ ಕಲಿಯಲು ನನಗೆ ಹಲವು ವರ್ಷ ಹಿಡಿಯಿತು.

ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಎಲ್ಲರಿಗೂ 19 ಅಥವಾ 20 ಹಾಕುವುದು ರೂಢಿ. ನಾನೂ ಹಾಕಿದೆ. ಮಕ್ಕಳಿಗೆ ಒಳ್ಳೆಯದಾಗಲಿ ಅನ್ನುವುದೇ ಮನಸ್ಸಿನಲ್ಲಿತ್ತು. ಫಲಿತಾಂಶ ಬಂದಾಗ ಒಬ್ಬ ಹುಡುಗನಿಗೆ ಆಂತರಿಕ ಅಂಕ 19, ಪರೀಕ್ಷೆಯಲ್ಲಿ 80ಕ್ಕೆ 11. ಅವನ ಅಪ್ಪ ಶಾಲೆಗೆ ಬಂದರು. ಜಗಳಕ್ಕೆ ಬಂದವರಲ್ಲ. "ವರ್ಷಪೂರ್ತಿ ಚೆನ್ನಾಗಿದ್ದಾನೆ ಅಂತ ನೀವೇ ಅಂಕ ಕೊಟ್ಟಿದ್ದೀರಲ್ಲ ಸರ್. ಮೊದಲೇ ಹೇಳಿದ್ರೆ ಏನಾದ್ರೂ ಮಾಡ್ತಿದ್ದೆ" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಆ 19 ನೋಡಿ ಅವರು ಒಂದು ವರ್ಷ ನೆಮ್ಮದಿಯಾಗಿದ್ದರು, ಅಷ್ಟೇ.

ನಿಯಮ ಏನು ಹೇಳುತ್ತದೆ ಅಂತ ಕೂತು ಓದಿದ್ದು ಆಮೇಲೆ. ಪೋಷಕರೂ ಆಗಾಗ ಕೇಳುತ್ತಾರೆ, "ಇದನ್ನೆಲ್ಲ ಯಾರು ತೀರ್ಮಾನ ಮಾಡೋದು ಸರ್?" ಒಬ್ಬರಲ್ಲ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಏನು ಕಲಿಸಬೇಕು, ಶಿಕ್ಷಕರಿಗೆ ಯಾವ ತರಬೇತಿ ಬೇಕು ಅನ್ನುವುದನ್ನು ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್ಇಆರ್‌ಟಿ ನೋಡುತ್ತದೆ. ಪುಸ್ತಕ ಕರ್ನಾಟಕ ಪಠ್ಯಪುಸ್ತಕ ಸಂಘದಿಂದ ಬರುತ್ತದೆ. ನಾನು ಹತ್ತನೇ ತರಗತಿಗೆ ಪಾಠ ಮಾಡುವ ವಿಜ್ಞಾನ ಪುಸ್ತಕ ಕೇಂದ್ರದ ಎನ್‌ಸಿಇಆರ್‌ಟಿಯದ್ದೇ, ಕನ್ನಡದಲ್ಲಿ. ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಇದೆಲ್ಲ ಶಾಲೆಯಲ್ಲಿ ನಡೆಯುತ್ತಿದೆಯಾ ಅಂತ ನೋಡುವವರು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಅವರ ಮೇಲೆ ಉಪನಿರ್ದೇಶಕರು. ಖಾಸಗಿ ಶಾಲೆ ನಿಯಮ ಮೀರಿದರೆ ಮಾನ್ಯತೆ ಹಿಂದಕ್ಕೆ ಪಡೆಯಲು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಅವಕಾಶವಿದೆ. ನಮ್ಮಂಥ ಸರ್ಕಾರಿ ಶಿಕ್ಷಕರಿಗಾದರೆ ನೋಟಿಸು, ಇಲಾಖಾ ವಿಚಾರಣೆ.

ಈಗ ಆ 20 ಅಂಕಕ್ಕೆ ಬರುತ್ತೇನೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಪಾಠ ನಡೆಯುತ್ತಿರುವಾಗಲೇ ಮಗುವಿನ ಕಲಿಕೆ ಅಳೆಯುವುದು. ಒಂದೊಂದಕ್ಕೂ 50 ಅಂಕ. ಎರಡು ಚಟುವಟಿಕೆಗೆ 15ರಂತೆ 30, ಕಿರುಪರೀಕ್ಷೆಗೆ 20. ನಾಲ್ಕೂ ಸೇರಿ 200. ಅದನ್ನು 10ರಿಂದ ಭಾಗಿಸಿದರೆ 20. ಲೆಕ್ಕ ಸುಲಭ. ಕಷ್ಟ ಇರುವುದು ಚಟುವಟಿಕೆಯ 15ರಲ್ಲಿ.

ಚಟುವಟಿಕೆ ಅಂದರೆ ಮನೆಯಿಂದ ಚಾರ್ಟ್ ಮಾಡಿಕೊಂಡು ಬರುವುದು ಅಂತಾಗಿತ್ತು. ದುಡ್ಡಿದ್ದವರ ಮನೆಯ ಚಾರ್ಟು ಅಂಗಡಿಯಿಂದ ಬರುತ್ತಿತ್ತು. ನಾನು ಅದನ್ನು ನಿಲ್ಲಿಸಿದೆ. ಎಲ್ಲ ಚಟುವಟಿಕೆಯೂ ಶಾಲೆಯಲ್ಲೇ, ನನ್ನ ಕಣ್ಣೆದುರೇ ಆಗಬೇಕು ಅಂತ ಮಾಡಿಕೊಂಡೆ. ಆಮ್ಲ, ಪ್ರತ್ಯಾಮ್ಲಗಳ ಪಾಠಕ್ಕೆ ಅರಿಶಿನ ಸವರಿದ ಕಾಗದ, ನಿಂಬೆರಸ, ಸೋಪಿನ ನೀರು, ಮಜ್ಜಿಗೆ, ಇಷ್ಟು ಸಾಕು. ಕೆಲಸ ಮುಗಿದ ಮೇಲೆ ಪ್ರತಿ ಮಗುವಿಗೂ ಎರಡು ಪ್ರಶ್ನೆ ಕೇಳುತ್ತೇನೆ. ಅದು ಕೊಟ್ಟ ಉತ್ತರವನ್ನು ಅದರ ಮಾತಿನಲ್ಲೇ ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಪಕ್ಕದಲ್ಲಿ ಅಂಕ. ನಲವತ್ತು ಮಕ್ಕಳಿಗೆ ಮೂರು ಪೀರಿಯಡ್ ಬೇಕಾಗುತ್ತದೆ. ಜಾಸ್ತಿ ಅನಿಸಬಹುದು. ಆದರೆ ಕೃತಿ ಸಂಪುಟ (ಮಗು ಮಾಡಿದ ಕೆಲಸದ ಹಾಳೆಗಳ ಫೈಲು) ನೋಡಿ ಅಂದಾಜಿನ ಮೇಲೆ ಅಂಕ ಹಾಕುವುದಕ್ಕಿಂತ ಈ ಮೂರು ಪೀರಿಯಡ್ ಎಷ್ಟೋ ಮೇಲು.

ಒಂದು ವರ್ಷ ಆಂತರಿಕ ಅಂಕ ಪರಿಶೀಲನೆಗೆ ತಂಡ ಬಂತು. ಸಾಮಾನ್ಯವಾಗಿ ದಾಖಲೆ ನೋಡುತ್ತಾರೆ, ಸಹಿ ಹಾಕುತ್ತಾರೆ. ಆ ದಿನ ಬಂದವರಲ್ಲಿ ಒಬ್ಬರು ವಿಷಯ ಪರಿವೀಕ್ಷಕರು ಎರಡು ಸಂಪುಟ ತೆಗೆದು ಆ ಮಕ್ಕಳನ್ನೇ ಕರೆಸಿದರು. ಮೊದಲನೆಯದು ಒಬ್ಬ ಹುಡುಗಿಯದು, ಅವಳ ಹಾಳೆಯಲ್ಲಿ ಎರಡೇ ಸಾಲು. ಅಕ್ಷರವೂ ಅಷ್ಟಕ್ಕಷ್ಟೆ. ನಾನು 13 ಕೊಟ್ಟಿದ್ದೆ. "ಇಷ್ಟಕ್ಕೆ 13 ಯಾಕೆ ಮೇಷ್ಟ್ರೇ?" ಅಂತ ಕೇಳಿದರು. "ಅವಳನ್ನೇ ಕೇಳಿ ಸರ್" ಅಂದೆ. ಅವಳು ಹೇಳಿದ್ದಿಷ್ಟು: "ಸೋಪು ಹಾಕಿದ್ರೆ ಅರಿಶಿನ ಕೆಂಪಾಗುತ್ತೆ ಸರ್. ಅಮ್ಮ ಬಟ್ಟೆ ಒಗೀವಾಗ ಸಾರಿನ ಕಲೆ ಕೆಂಪಾಗೋದು ಇದಕ್ಕೇ. ಆಮೇಲೆ ನಿಂಬೆಹಣ್ಣು ಉಜ್ಜಿದ್ರೆ ಮತ್ತೆ ಹಳದಿ ಬರುತ್ತೆ, ನಾನು ಮಾಡಿ ನೋಡಿದೀನಿ." ಅವರು ನನ್ನ ಪುಸ್ತಕ ತೆಗೆದು ನೋಡಿದರು. ಅದೇ ಮಾತು ಅಲ್ಲೂ ಇತ್ತು.

ಎರಡನೆಯವನ ಸಂಪುಟ ಅಚ್ಚುಕಟ್ಟು. ಅಂಕ 14. ಕೇಳಿದರೆ ಬಾಯಿ ಬಿಡಲಿಲ್ಲ. ಪುಸ್ತಕದಲ್ಲಿ ಅವನ ಸಾಲು ಖಾಲಿ ಇತ್ತು. ಆ ದಿನ ಅವನು ರಜೆ ಹಾಕಿದ್ದ, ಆಮೇಲೆ ಹಾಳೆ ನೋಡಿಯೇ ಅಂಕ ಹಾಕಿದ್ದೆ. ತಪ್ಪು ನನ್ನದು ಅಂತ ಅಲ್ಲೇ ಒಪ್ಪಿಕೊಂಡೆ. ಅವನಿಗೆ ಚಟುವಟಿಕೆ ಮತ್ತೆ ಮಾಡಿಸಿದೆ, ಅಂಕ ತಿದ್ದಿದೆ. ಆನ್‌ಲೈನ್‌ನಲ್ಲಿ ಅಂಕ ಇನ್ನೂ ಏರಿಸಿರಲಿಲ್ಲ, ಹಾಗಾಗಿ ಆಯಿತು. ಪರಿಶೀಲನೆ ಅಂದರೆ ಇದು. ಮಗುವನ್ನು ಕೇಳದೆ ಫೈಲು ಮಾತ್ರ ನೋಡಿ ಹೋದರೆ ನಿಯಮ ಪಾಲನೆ ಆಯಿತು ಅಂತ ಹೇಗೆ ಹೇಳೋದು?

80 ಅಂಕದ ಕಡೆ ಕಾವಲು ಬೇರೆ ಥರ. ಖಜಾನೆಯಿಂದ ಸೀಲು ಹಾಕಿದ ಪ್ರಶ್ನೆಪತ್ರಿಕೆ ಮಾರ್ಗಾಧಿಕಾರಿಯ ಜೊತೆ ಬರುತ್ತದೆ. ಪರೀಕ್ಷಾ ಕೇಂದ್ರದಲ್ಲಿ ನಕಲು ತಡೆಯಲು ಸ್ಥಾನಿಕ ಜಾಗೃತ ದಳ ಇರುತ್ತದೆ. ನಮ್ಮ ಮೊಬೈಲುಗಳನ್ನು ಇಸಿದುಕೊಂಡು ಇಡಲಿಕ್ಕೂ ಒಬ್ಬರು. 2024ರಿಂದ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಕ್ಯಾಮೆರಾ. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಆ ವರ್ಷ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಬೇಸರವಾಯಿತು, ನಿಜ. ಆದರೆ ಮಕ್ಕಳು ಎಲ್ಲಿ ನಿಂತಿದ್ದಾರೆ ಅಂತ ಕಾಣಿಸಿತಲ್ಲ, ಅದು ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

2024ರ ಮಾರ್ಚ್‌ನಲ್ಲಿ 9ನೇ ತರಗತಿಯ ಮಂಡಳಿ ಪರೀಕ್ಷೆ ನಡುವೆಯೇ ನಿಂತಿತು. 5, 8, 9ನೇ ತರಗತಿಗಳಿಗೆ ಇಂಥ ಪರೀಕ್ಷೆ ನಡೆಸಬಹುದಾ ಅನ್ನುವ ಪ್ರಶ್ನೆ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಪರೀಕ್ಷೆ ಮತ್ತೆ ಶುರುವಾಯಿತು, ಏಪ್ರಿಲ್‌ನಲ್ಲಿ ಅದರ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. "ನಾಳೆ ಪರೀಕ್ಷೆ ಇದ್ಯಾ ಸರ್?" ಅಂತ ಮಕ್ಕಳು ದಿನಾ ಕೇಳುತ್ತಿದ್ದರು. ಅಧಿಕಾರ ಯಾರದ್ದು ಅನ್ನುವುದು ಜೂನ್‌ನಲ್ಲೇ ಇತ್ಯರ್ಥವಾಗಬೇಕು, ಮಗು ಹಾಲ್‌ಗೆ ಬಂದು ಕೂತ ಮೇಲಲ್ಲ.

ಈಗ ಅಂಕ ಆನ್‌ಲೈನ್‌ಗೆ ಏರಿಸುವ ಮೊದಲು ತರಗತಿಯಲ್ಲಿ ಪ್ರತಿಯೊಬ್ಬರಿಗೂ ಅವರವರ ಅಂಕ ತೋರಿಸುತ್ತೇನೆ, ಯಾಕೆ ಅಷ್ಟು ಅಂತ ಹೇಳುತ್ತೇನೆ. ಮೊದಲ ಮೌಲ್ಯಮಾಪನದಲ್ಲಿ 50ಕ್ಕೆ 20 ದಾಟದವರ ಮನೆಗೆ ಫೋನ್ ಹೋಗುತ್ತದೆ, ಆಗಸ್ಟ್ ಮುಗಿಯುವುದರೊಳಗೆ. ಆ ದಿನ ಬಂದಿದ್ದ ಅಪ್ಪ ಕೇಳಿದ್ದು ಇಷ್ಟನ್ನೇ.