ಕಟ್ಟಿಸಿದ ಜೀಪಿಗೆ ವಿಮೆ: ಅಗ್ಗವೂ ಆಗಬೇಕು, ಕ್ಲೇಮೂ ಸಿಗಬೇಕು

ಬ್ರಿಟನ್ನಿನ ಹುಡುಗರು ಮನೆಯಂಗಳದಲ್ಲಿ ಕಿಟ್ ಕಾರು, ಅಂದರೆ ಬಿಡಿಭಾಗ ತಂದು ತಾವೇ ಕಟ್ಟುವ ಕಾರು, ಜೋಡಿಸುವ ವಿಡಿಯೋ ನೋಡಿ, ವಯಸ್ಸು ಚಿಕ್ಕದಿದ್ದರೆ ವಿಮೆ ದುಬಾರಿ ಎಂದು ಇಲ್ಲಿಯವರೂ ನಂಬಿಬಿಟ್ಟಿದ್ದಾರೆ. ಅಲ್ಲಿ ಅದು ನಿಜ. ಐವಿಎ ಎಂಬ ಪರೀಕ್ಷೆ ಪಾಸಾದರೆ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ರಸ್ತೆಗೆ ಇಳಿಸಬಹುದು, ಆದರೆ ವಿಮೆ ಕಂಪನಿ ಚಾಲಕನ ವಯಸ್ಸು ನೋಡಿ ದರ ಏರಿಸುತ್ತದೆ. ನಮ್ಮಲ್ಲಿ ಎರಡೂ ಉಲ್ಟಾ. ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಇತರರಿಗೆ ಆಗುವ ನಷ್ಟದ ವಿಮೆಯ ದರಪಟ್ಟಿಯಲ್ಲಿ ವಯಸ್ಸಿನ ಕಾಲಮ್ಮೇ ಇಲ್ಲ. 19ರ ಹುಡುಗನಿಗೂ ಅವನ ಅಜ್ಜನಿಗೂ ಒಂದೇ ದರ. ನೋಂದಣಿ ಮಾತ್ರ ಕಬ್ಬಿಣದ ಕಡಲೆ. ಹೊಸ ಮಾದರಿಯ ಗಾಡಿ ರಸ್ತೆಗೆ ಇಳಿಯಬೇಕಾದರೆ ಕೇಂದ್ರ ಮೋಟಾರು ವಾಹನ ನಿಯಮ 126ರಂತೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಆಗಬೇಕು. ಒಂದು ಗಾಡಿಗೋಸ್ಕರ ಆ ಖರ್ಚು ಯಾರಿಗೂ ಗಿಟ್ಟುವುದಿಲ್ಲ. ಬೆಳಗಾವಿ, ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬಾಹಾ ಸ್ಪರ್ಧೆಗೆಂದು ಕಟ್ಟುವ ಬಗ್ಗಿ ಗಾಡಿ ಕೂಡ ಸ್ಪರ್ಧೆಗೆ ಲಾರಿ ಹತ್ತಿಯೇ ಹೋಗಬೇಕು.

ಹೀಗಾಗಿ ಈ ಭಾಗದಲ್ಲಿ ಕಿಟ್ ಕಾರು ಅಂದರೆ ಹೆಚ್ಚಾಗಿ ಹಳೇ ಆರ್‌ಸಿ ಇಟ್ಟುಕೊಂಡು ಮತ್ತೆ ಕಟ್ಟಿದ ಜೀಪು. ಮಹೀಂದ್ರ ಎಂಎಂ 540, ಮಾರುತಿ ಜಿಪ್ಸಿ, ಕೆಲವೊಮ್ಮೆ ಹರಿಯಾಣದ ಮಂಡಿ ದಬ್ವಾಲಿ ಕಡೆಯಿಂದ ಬಂದ ಬಾಡಿ. ಬೆಳಗಾವಿಯ ಉದ್ಯಮಬಾಗದಲ್ಲಿ ವೆಲ್ಡಿಂಗು, ಲೇತ್ ಕೆಲಸಕ್ಕೇನೂ ಕೊರತೆ ಇಲ್ಲ. ಕೊರತೆ ಬೀಳುವುದು ಕಾಗದಪತ್ರಕ್ಕೆ. ವಿಮೆ ಅಗ್ಗವೋ ದುಬಾರಿಯೋ ಎಂಬುದು ಏಜೆಂಟನ ಮುಂದೆ ಕೂತಾಗ ಅಲ್ಲ, ಗಾಡಿ ಆರಿಸುವಾಗಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ.

ಸಿಸಿ ನೋಡಿ ಗಾಡಿ ಆರಿಸಿ

ಖಾಸಗಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ ಅನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಯಾವ ಕಂಪನಿಗೆ ಹೋದರೂ ಅಷ್ಟೇ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1000 ಸಿಸಿ ವರೆಗೆ 2,094 ರೂಪಾಯಿ, 1000ರಿಂದ 1500 ಸಿಸಿಗೆ 3,416, ಅದಕ್ಕೂ ಮೇಲೆ 7,897. ಇದರ ಮೇಲೆ ಶೇ. 18 ಜಿಎಸ್‌ಟಿ.

ಈಗ ಜೀಪುಗಳನ್ನು ಈ ಮೂರು ಮೆಟ್ಟಿಲ ಮೇಲೆ ಕೂರಿಸಿ ನೋಡಿ. ಮೊದಲ ಕಾಲದ ಜಿಪ್ಸಿ 970 ಸಿಸಿ: ತೆರಿಗೆ ಸೇರಿ ಸುಮಾರು 2,471 ರೂಪಾಯಿ. ಜಿಪ್ಸಿ ಕಿಂಗ್ 1298 ಸಿಸಿ: ಸುಮಾರು 4,031. ಎಂಎಂ 540ರ ಡೀಸೆಲ್ ಎಂಜಿನ್ 2112 ಸಿಸಿ: ಸುಮಾರು 9,318. ಹೊಸ ಥಾರ್‌ನಲ್ಲೂ ಇದೇ ಲೆಕ್ಕ. 1497 ಸಿಸಿ ಡೀಸೆಲ್‌ನ ಹಿಂಗಾಲಿ ಡ್ರೈವ್ ಗಾಡಿ ಮಧ್ಯದ ಮೆಟ್ಟಿಲಲ್ಲಿ ನಿಂತರೆ, 2184 ಸಿಸಿಯದು ಮೇಲಿನ ಮೆಟ್ಟಿಲು ಹತ್ತುತ್ತದೆ. ಗಾಡಿ ಇರುವಷ್ಟು ವರ್ಷವೂ ಈ ವ್ಯತ್ಯಾಸ ಕಟ್ಟುತ್ತಲೇ ಇರಬೇಕು.

50 ವರ್ಷ ದಾಟಿದ ಹಳೇ ವಿಲ್ಲಿಸ್ ಸಿಕ್ಕಿದೆಯೇ? ವಿಂಟೇಜ್ ಎಂದು ನೋಂದಾಯಿಸಿದರೆ ಥರ್ಡ್ ಪಾರ್ಟಿಯಲ್ಲಿ ಅರ್ಧ ರಿಯಾಯಿತಿ ಇದೆ. ಆದರೆ 2021ರ ನಿಯಮದಂತೆ ನೋಂದಣಿಗೇ 20,000 ರೂಪಾಯಿ, ದಿನನಿತ್ಯ ಓಡಿಸುವ ಹಾಗಿಲ್ಲ, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಕಾಲೇಜಿಗೆ ಹೋಗಿಬರುವವನಿಗೆ ಇದು ದಾರಿಯಲ್ಲ.

ಪುಣೆ ಪಾಸಿಂಗ್ ಗಾಡಿ

ಥರ್ಡ್ ಪಾರ್ಟಿಯ ಹೊರತು ನಮ್ಮ ಗಾಡಿಯ ಸ್ವಂತ ನಷ್ಟದ ವಿಮೆ, ಅಂದರೆ ಓಡಿ, ಬೇರೆ ಲೆಕ್ಕ. ಗಾಡಿ ಯಾವ ಊರಲ್ಲಿ ನೋಂದಣಿ ಆಗಿದೆ ಎಂಬುದೂ ಇಲ್ಲಿ ಎಣಿಕೆಗೆ ಬರುತ್ತದೆ. ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ಕೋಲ್ಕತ್ತಾ, ದೆಹಲಿ, ಅಹಮದಾಬಾದ್ ಎ ವಲಯ, ಉಳಿದದ್ದೆಲ್ಲ ಬಿ. ಕೆಎ-22 ಬೆಳಗಾವಿ, ಕೆಎ-28 ವಿಜಯಪುರ, ಕೆಎ-29 ಬಾಗಲಕೋಟೆ, ಕೆಎ-48 ಜಮಖಂಡಿ ಎಲ್ಲವೂ ಬಿ ವಲಯ, ದರ ಸ್ವಲ್ಪ ಕಡಿಮೆ. ನಮ್ಮವರು ಅಗ್ಗ ಎಂದು ಪುಣೆಯಲ್ಲಿ ನೋಂದಣಿಯಾದ ಎಂಎಚ್-12 ಪಾಸಿಂಗ್ ಜೀಪು ತಂದು, ನಂಬರ್ ಬದಲಿಸದೆ ಓಡಿಸುತ್ತಾರೆ. ಹೀಗಿದ್ದಷ್ಟು ದಿನ ಎ ವಲಯದ ದರವೇ ಬೀಳುತ್ತದೆ. ಕೊಲ್ಲಾಪುರ, ಸಾಂಗ್ಲಿ, ಸೊಲ್ಲಾಪುರದ ಗಾಡಿಗೆ ಈ ತೊಂದರೆ ಇಲ್ಲ. ಆದರೆ ಯಾವ ಎಂಎಚ್ ಗಾಡಿಯೇ ಆಗಲಿ, 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟರೆ ಎನ್‌ಒಸಿ ತಂದು ಕರ್ನಾಟಕದ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಲೇಬೇಕು. ಗಾಡಿಯ ಬೆಲೆ ಚೌಕಾಶಿ ಮಾಡುವಾಗಲೇ ಆ ತೆರಿಗೆಯನ್ನೂ ಕೂಡಿಸಿ ನೋಡಿ.

ಆರ್‌ಸಿಯಲ್ಲಿ ಇರುವುದು, ಗಾಡಿಯಲ್ಲಿ ಇರುವುದು

ಕ್ಲೇಮು ಕೈಕೊಡುವುದು ಇಲ್ಲಿಯೇ, ಆದ್ದರಿಂದ ಇದನ್ನು ತಾಳ್ಮೆಯಿಂದ ಓದಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಮಾಲೀಕ ಬದಲಿಸಿದ್ದು ಕಂಡುಬಂದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ವಿಮೆಯ ಸರ್ವೇಯರ್ ಅಪಘಾತದ ಗಾಡಿ ನೋಡಲು ಬಂದಾಗ ಮೊದಲು ಹುಡುಕುವುದು ಚಾಸಿ ನಂಬರ್, ಆಮೇಲೆ ಎಂಜಿನ್ ನಂಬರ್, ಆಮೇಲೆ ಬಾಡಿ.

ಮುಂಗಡ ಕೊಡುವ ಮೊದಲೇ ಗಾಡಿಯ ಹತ್ತಿರ ಇಷ್ಟು ಮಾಡಿ. ಚಾಸಿ ನಂಬರ್ ಇರುವ ಜಾಗದ ಬಣ್ಣ, ಗ್ರೀಸು ಒರೆಸಿ ಪೆನ್ಸಿಲ್ ಅಚ್ಚು ತೆಗೆಯಿರಿ. ಅಕ್ಷರಗಳ ಆಳ ಒಂದೇ ಸಮ ಇಲ್ಲದಿದ್ದರೆ, ಸುತ್ತ ಗ್ರೈಂಡರ್ ಗೆರೆ ಕಂಡರೆ, ಆ ತುಂಡನ್ನು ಬೇರೆ ಕಡೆಯಿಂದ ಕತ್ತರಿಸಿ ಬೆಸೆದ ಗುರುತು ಇದ್ದರೆ, ನಮಸ್ಕಾರ ಹೇಳಿ ಎದ್ದು ಬನ್ನಿ. ಗುಜರಿಗೆ ಹೋದ ಜೀಪಿನ ಆರ್‌ಸಿಗೆ ಬೇರೆ ಚಾಸಿ ಜೋಡಿಸಿದ ಗಾಡಿಗೆ ಪಾಲಿಸಿ ಏನೋ ಸಿಗುತ್ತದೆ, ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಸಿಗದೇ ಹೋಗುವುದು ಪರಿಹಾರ.

ನಂಬರ್ ಸರಿ ಇದ್ದರೆ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ಇಂಧನ, ಮಾಲೀಕರ ಹೆಸರು, ಫಿಟ್‌ನೆಸ್ ಮುಗಿಯುವ ದಿನ ನೋಡಿ. ಸಿಸಿ, ಸೀಟುಗಳ ಸಂಖ್ಯೆ, ಬಾಡಿ ಟೈಪ್ ಅನ್ನು ಆರ್‌ಸಿಯಲ್ಲೇ ನೋಡಿ. ಆರ್‌ಸಿಯಲ್ಲಿ ಹಾರ್ಡ್ ಟಾಪ್ ಇದ್ದು ಎದುರಿಗೆ ತೆರೆದ ಜೀಪು ನಿಂತಿದ್ದರೆ, ಪೆಟ್ರೋಲ್ ಎಂದಿದ್ದು ಡೀಸೆಲ್ ಹೊಗೆ ಬರುತ್ತಿದ್ದರೆ, ಆರ್‌ಟಿಓ ಕಚೇರಿಯಲ್ಲಿ ಅದು ಸರಿಯಾಗುತ್ತದೆಯೇ ಎಂದು ಕೇಳಿಕೊಂಡ ಮೇಲೆಯೇ ವ್ಯಾಪಾರದ ಮಾತು. ಎಂಜಿನ್ ಬದಲಿಸಬೇಕಿದ್ದರೆ ಕ್ರಮ ತಪ್ಪಬಾರದು: ಮೊದಲು ಆರ್‌ಟಿಓ ಅನುಮತಿ, ಆಮೇಲೆ ಬಿಲ್ ಸಮೇತ ಎಂಜಿನ್ ಖರೀದಿ, ಆಮೇಲೆ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್, ಕೊನೆಗೆ ಪಾಲಿಸಿಯಲ್ಲಿ ಆ ಬದಲಾವಣೆಯ ಎಂಡಾರ್ಸ್‌ಮೆಂಟ್. ಬಿಲ್ ಇಲ್ಲದ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬೇಡ. ಮುಂದೆ ಹಾಕುವ ದಪ್ಪ ಬುಲ್ ಬಾರ್‌ಗೂ ಅನುಮತಿ ಇಲ್ಲ, 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ಸೂಚನೆ ಹೊರಡಿಸಿದೆ.

15 ವರ್ಷ ಮೀರಿದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ ಶುಲ್ಕ, 20 ವರ್ಷ ಮೀರಿದ್ದರೆ 2025ರಿಂದ 10,000. ಇದನ್ನು ಉಳಿಸಲು ಹೋಗಬೇಡಿ. ತಾತ್ಕಾಲಿಕ ನೋಂದಣಿ ಮುಗಿದಿದ್ದ ಕಾರು ಕಳುವಾದ ಪ್ರಕರಣದಲ್ಲಿ, ನೋಂದಣಿ ಇಲ್ಲದ ಗಾಡಿಗೆ ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ.

ಫುಲ್ ಇನ್ಶೂರೆನ್ಸ್ ಬೇಕೇ?

ಹಳೇ ಜೀಪಿಗೆ ಕಣ್ಣು ಮುಚ್ಚಿ ಫುಲ್, ಅಂದರೆ ಥರ್ಡ್ ಪಾರ್ಟಿ ಜತೆ ಓಡಿಯನ್ನೂ ಮಾಡಿಸುವುದು ದಡ್ಡತನ. 10 ವರ್ಷ ಮೀರಿದ ಗಾಡಿಯ ಲೋಹದ ಭಾಗಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೂ ಶೇ. 50, ಫೈಬರ್‌ಗೆ ಶೇ. 30, ಗಾಜಿಗೆ ಮಾತ್ರ ಇಲ್ಲ. ಗ್ಯಾರೇಜಿನ ಬಿಲ್ 40,000 ಬಂತು ಎನ್ನೋಣ: ಲೋಹ 24,000, ಪ್ಲಾಸ್ಟಿಕ್ ಮತ್ತು ರಬ್ಬರ್ 6,000, ಕೂಲಿ 10,000. ಕೈಗೆ ಬರುವುದು 12,000 + 3,000 + 10,000, ಅಂದರೆ 25,000. 1500 ಸಿಸಿ ಮೀರಿದ ಗಾಡಿಯಾದರೆ ಕಡ್ಡಾಯ ಕಡಿತ 2,000 ಹೋಗಿ 23,000. ಸವಕಳಿ ಕಳೆಯದ ಬಂಪರ್ ಟು ಬಂಪರ್ ವಿಮೆ ಕೊಡಿ ಅಂದರೆ ಇಷ್ಟು ಹಳೇ ಗಾಡಿಗೆ ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ.

ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆಯುವ ಗಾಡಿಯ ಬೆಲೆ, ಇನ್ನೊಂದು ಗುಂಡಿ. 5 ವರ್ಷ ಮೀರಿದ ಗಾಡಿಯ ಬೆಲೆಯನ್ನು ಕಂಪನಿ ಮತ್ತು ಮಾಲೀಕ ಮಾತಾಡಿ ನಿಗದಿ ಮಾಡಬೇಕೆಂದು ನಿಯಮವಿದೆ. ಆನ್‌ಲೈನ್‌ನಲ್ಲಿ ಅದು ತನ್ನಷ್ಟಕ್ಕೆ ಕಡಿಮೆ ಬೆಲೆ ತೋರಿಸಿಬಿಡುತ್ತದೆ, ಪ್ರೀಮಿಯಂ ಇಳಿಯಿತೆಂದು ನಾವೂ ಖುಷಿಯಾಗಿ ಒಪ್ಪುತ್ತೇವೆ. ಐಡಿವಿ 80,000 ಇದ್ದು ರಿಪೇರಿ ಅದರ ಶೇ. 75, ಅಂದರೆ 60,000 ಮೀರಿದರೆ ಗಾಡಿ ಟೋಟಲ್ ಲಾಸ್. ಮೂರು ಲಕ್ಷ ಹಾಕಿ ಕಟ್ಟಿಸಿದ ಜೀಪು 80,000ಕ್ಕೆ ಮುಗಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಮುಧೋಳ, ಜಮಖಂಡಿ ರಸ್ತೆಯಲ್ಲಿ ಹಿಂದೆ ಲೈಟೇ ಇಲ್ಲದ ಟ್ರೇಲರ್‌ಗೆ ಒಮ್ಮೆ ತಾಗಿಸಿದರೆ 60,000 ದೊಡ್ಡ ಮೊತ್ತವಲ್ಲ. ಹೀಗಾಗಿ ಓಡಿ ಬೇಕೆಂದರೆ ಶಾಖೆಗೇ ಹೋಗಿ. ಪರವಾನಗಿ ಇರುವ ಸರ್ವೇಯರ್‌ನಿಂದ ಮೌಲ್ಯಮಾಪನ ವರದಿ, ಖರ್ಚಿನ ಬಿಲ್ಲು, ನಾಲ್ಕು ಬದಿಯ ಫೋಟೋ, ಚಾಸಿ ಅಚ್ಚು ಒಯ್ದು ಐಡಿವಿ ಬರೆಸಿ. ಆಮೇಲೆ ಹಾಕಿಸಿದ, ನಿಯಮಕ್ಕೆ ಒಳಪಟ್ಟ ವಿದ್ಯುತ್ ಉಪಕರಣಗಳನ್ನು ಪ್ರತ್ಯೇಕ ಬರೆಸಬೇಕು, ಸಾಮಾನ್ಯವಾಗಿ ಬೆಲೆಯ ಶೇ. 4 ಪ್ರೀಮಿಯಂ. ಬರೆಸದ್ದಕ್ಕೆ ದುಡ್ಡಿಲ್ಲ.

ಇಷ್ಟೆಲ್ಲ ಬೇಡವಾದರೆ ಥರ್ಡ್ ಪಾರ್ಟಿ ಜತೆಗೆ ಬೆಂಕಿ ಮತ್ತು ಕಳವಿನ ರಕ್ಷಣೆ ಮಾತ್ರ ಕೊಡುತ್ತೀರಾ ಎಂದು ಕೇಳಿ. ಅಗ್ಗದ ಹಳೇ ಜೀಪಿಗೆ ಇದು ಹೆಚ್ಚು ಒಪ್ಪುತ್ತದೆ.

ಎಲ್ಲಿ ಉಳಿಸಬಹುದು, ಎಲ್ಲಿ ಬಾರದು

ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆಯನ್ನು ಪ್ರತಿ ಗಾಡಿಗೂ ಬೇರೆ ಬೇರೆ ಕೊಳ್ಳಬೇಕಿಲ್ಲ. ನಿಮ್ಮ ಹೆಸರಲ್ಲಿ ಬೈಕೂ ಜೀಪೂ ಇದ್ದರೆ 2019ರಿಂದ ಸಿಗುವ ಪ್ರತ್ಯೇಕ ಪಾಲಿಸಿ ಒಂದೇ ಸಾಕು. ಅದರ ಪ್ರತಿ ತೋರಿಸಿದರೆ ಜೀಪಿನ ಪಾಲಿಸಿಯಿಂದ ಆ ಸಾಲು ತೆಗೆಯುತ್ತಾರೆ. ಆದರೆ ಜೀಪು ಅಪ್ಪನ ಹೆಸರಲ್ಲಿದ್ದರೆ ಈ ರಕ್ಷಣೆ ಅಪ್ಪನಿಗೆ ಮಾತ್ರ, ಓಡಿಸುವ ಮಗನಿಗಲ್ಲ. ಬಹಳ ಮನೆಗಳಲ್ಲಿ ಇದು ಗೊತ್ತೇ ಇರುವುದಿಲ್ಲ. ಮಗನ ಹೆಸರಿಗೆ ಬೇರೆ ವೈಯಕ್ತಿಕ ಅಪಘಾತ ಪಾಲಿಸಿ ಇರಲಿ.

ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಗಾಡಿಯದ್ದಲ್ಲ, ಮಾಲೀಕನದ್ದು. ಶೇ. 20ರಿಂದ ಶುರುವಾಗಿ 25, 35, 45, ಐದು ವರ್ಷ ಕ್ಲೇಮು ಇಲ್ಲದಿದ್ದರೆ 50 ಆಗುತ್ತದೆ, ಓಡಿ ಭಾಗದ ಮೇಲೆ ಮಾತ್ರ. ಅಪ್ಪ ಹಳೇ ಕಾರು ಮಾರಿದ್ದರೆ ಅವರ ಬೋನಸ್ ಪತ್ರ 3 ವರ್ಷ ನಡೆಯುತ್ತದೆ, ಹೊಸ ಗಾಡಿಯೂ ಅವರ ಹೆಸರಲ್ಲೇ ಇದ್ದರೆ. ಮಗನ ಹೆಸರಿಗೆ ದಾಟುವುದಿಲ್ಲ. ಮಾರಿದವನ ಬೋನಸ್ ನಿಮ್ಮದೆಂದು ಬರೆಸುವ ಏಜೆಂಟರೂ ಇದ್ದಾರೆ. ಕ್ಲೇಮಿನ ದಿನ ಆ ಸುಳ್ಳು ನಿಮ್ಮ ಕೊರಳಿಗೇ ಬೀಳುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ ಹೋಯಿತು.

ಸೆಕೆಂಡ್ ಹ್ಯಾಂಡ್ ಕೊಂಡ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಆಗಲು ಅರ್ಜಿ ಕೊಡಿ. ಥರ್ಡ್ ಪಾರ್ಟಿ ತಾನಾಗಿ ವರ್ಗವಾಗುತ್ತದೆ, ಓಡಿ ಆಗುವುದಿಲ್ಲ.

ಇತರರ ಆಸ್ತಿಯ ನಷ್ಟಕ್ಕೆ ಪಾಲಿಸಿಯಲ್ಲಿ 7.5 ಲಕ್ಷದ ಮಿತಿ ಇರುತ್ತದೆ. ಅದನ್ನು 6,000ಕ್ಕೆ ಇಳಿಸಿಕೊಂಡರೆ ಕಾರಿಗೆ 100 ರೂಪಾಯಿ ರಿಯಾಯಿತಿ. ದಯವಿಟ್ಟು ಈ ನೂರು ರೂಪಾಯಿ ಬಿಟ್ಟುಬಿಡಿ. ಚೋರ್ಲಾ ಘಾಟಿನಲ್ಲಿ ಎದುರಿನ ಕಾರಿನ ಒಂದು ಹೆಡ್‌ಲೈಟಿಗೇ ಆ 6,000 ಸಾಲದು.

ಲೈಸೆನ್ಸ್ ಇಲ್ಲದ ಗೆಳೆಯನ ಕೈಗೆ ಸ್ಟಿಯರಿಂಗ್ ಕೊಡುವುದು ಎಲ್ಲಕ್ಕಿಂತ ದುಬಾರಿ. ಗಾಯಗೊಂಡವರಿಗೆ ವಿಮೆ ಕಂಪನಿ ಪರಿಹಾರ ಕೊಟ್ಟು, ಆಮೇಲೆ ಆ ಪೂರ್ತಿ ಹಣವನ್ನು ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಾಲಯ ಆದೇಶಿಸಬಹುದು. ಓಡಿಸಿದವನು 18 ತುಂಬದವನಾದರೆ ಮಾಲೀಕ ಅಥವಾ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, 12 ತಿಂಗಳು ನೋಂದಣಿ ರದ್ದು.

ಅಪಘಾತವಾದರೆ ಗಾಡಿ ಕದಲಿಸುವ ಮೊದಲು ಫೋಟೋ ತೆಗೆದು ಆ ದಿನವೇ ಕಂಪನಿಗೆ ತಿಳಿಸಿ. ಓಡಿಸುತ್ತಿದ್ದವರು ಯಾರೋ ಅವರ ಹೆಸರನ್ನೇ ಬರೆಸಿ. ಕಾಗದ ಎಲ್ಲ ಸರಿ ಇದ್ದೂ ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು, ಮೊದಲು ಕಂಪನಿಯ ದೂರು ವಿಭಾಗಕ್ಕೆ, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಬರೆಯಿರಿ. ವಕೀಲರೂ ಬೇಡ, ಶುಲ್ಕವೂ ಇಲ್ಲ. ಕಂಪನಿ ಕೊನೆಯ ಉತ್ತರ ಕೊಟ್ಟ ಒಂದು ವರ್ಷದೊಳಗೆ ದೂರು ಅಲ್ಲಿಗೆ ಮುಟ್ಟಿರಬೇಕು.